ಗುಟ್ಟೊಂದು ಮಸ್ಕಿ ಮೇಲೆ ಹಾದುಹೋದದ್ದು

ಬೆರಗು ಎನ್ನುವುದು ತಲೆಗೂದಲಿನ ಹಾಗೆ, ವಯಸ್ಸಾದಂತೆ ಉದುರುತ್ತದೆ, ಮತ್ತೆ ಹುಟ್ಟುವುದಿಲ್ಲ ಎಂದು ನಾನು ನಂಬಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸಿಂಧನೂರಿನ ಅಕ್ಕಿ ಗಿರಣಿಯೊಂದಕ್ಕೆ ಮಶೀನು ನೋಡಿಕೊಳ್ಳಲು ಸೇರಿದವನು, ಮೀಸೆ ಬೆಳ್ಳಗಾಗುವವರೆಗೂ ಅಲ್ಲೇ ಇದ್ದೆ. ಈ ಕಡೆ ನೆಲ್ಲು ಸುರಿದರೆ ಆ ಕಡೆ ಅಕ್ಕಿ ಬರುತ್ತದೆ. ಯಂತ್ರವೆಂದರೆ ಇಷ್ಟೇ, ಹಾಕಿದ್ದನ್ನು ಬೇರೆ ರೂಪದಲ್ಲಿ ಹೊರಗೆ ಬಿಡುವ ಡಬ್ಬಿ ಎಂಬುದು ನನ್ನ ಸಿದ್ಧಾಂತವಾಗಿತ್ತು. ಟೀವಿ ಬಂದಾಗ ಓಣಿಯೆಲ್ಲ ಬಾಯಿ ತೆರೆದು ಕೂತರೂ ನಾನು ತೆರೆಯಲಿಲ್ಲ. ಫೋನು ಬಂದಾಗಲೂ ಅಷ್ಟೇ. ಆದರೆ ಈ ಇಳಿವಯಸ್ಸಿನಲ್ಲಿ ನಿಜವಾಗಿ ಬೆರಗಾದೆ. ಬೆರಗಾದವನು ಬಾಯಿ ತೆರೆಯುವುದು ಸಹಜ. ನನ್ನ ಪಾಡು ಏನಾಯಿತೆಂದರೆ, ಬೆರಗಾಗುವುದಕ್ಕೆ ಸ್ವಲ್ಪ ಮೊದಲೇ ಬಾಯಿ ತೆರೆದುಬಿಟ್ಟಿದ್ದೆ. ಆ ತಪ್ಪನ್ನು ಒಪ್ಪಿಕೊಳ್ಳಲೆಂದು ಈಗ ಕೂತಿದ್ದೇನೆ.

ನಮ್ಮದೊಂದು ಭಜನಾ ಬಳಗ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರಿನ ಮುದುಕರು ಇದರಲ್ಲಿದ್ದೇವೆ. ಮುಂದಿನ ಭಜನೆ ಯಾವ ಊರಲ್ಲಿ, ಯಾರ ಹಾರ್ಮೋನಿಯಂ ಕೆಟ್ಟಿದೆ, ಯಾರಿಗೆ ಕೆಮ್ಮು ಎಂಬ ಸುದ್ದಿಯೆಲ್ಲ ಮೊದಲು ಯಾವುದೋ ದೊಡ್ಡ ಕಂಪನಿಯ ಗುಂಪಿನಲ್ಲಿ ಹರಿದಾಡುತ್ತಿತ್ತು. ಒಮ್ಮೆ ನಾನು ನನ್ನ ಮಂಡಿನೋವಿನ ಬಗ್ಗೆ ಅಲ್ಲಿ ನಾಲ್ಕು ಸಾಲು ತೋಡಿಕೊಂಡೆ. ಅಂದಿನಿಂದ ನನ್ನ ಫೋನಿನ ತುಂಬ ಮಂಡಿಗೆ ಹಚ್ಚುವ ಎಣ್ಣೆಯ ಜಾಹೀರಾತು! ಸೊಸೆ ಸುನಂದಾಳಿಗೆ ತೋರಿಸಿದೆ. ಅವಳು ನಕ್ಕು, "ಮಾವಾರ, ಮಂದಿ ಮನ್ಯಾಗ ಕುಂತು ಮಾತಾಡಿದ್ರ ಆ ಮನಿಯವ್ರು ಕೇಳಿಸ್ಕೊಳ್ಳಾರ್ದ ಇರ್ತಾರೇನ್ರಿ? ನಮ್ದೇ ಒಂದು ಮನಿ ಕಟ್ಟೂಣು ತಗೋರಿ" ಎಂದಳು. ಸುನಂದಾ ಇಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನನ್ನ ಮಗ ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತಾನೆ. ನಮ್ಮ ಮನೆಯಲ್ಲಿ ತಿರುಗುವ ವಸ್ತುಗಳೆಲ್ಲ ಅವನಿಗೆ, ತಿರುಗದವೆಲ್ಲ ಅವಳಿಗೆ.

ಅಡುಗೆಮನೆಯ ಪಕ್ಕದ ಕಪಾಟಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟು, "ಇದೇ ನೋಡ್ರಿ ಸಿಂಧನೂರಿನ ಮನಿ" ಎಂದಳು. ಮಸ್ಕಿಯ ಮನೆ ನನ್ನ ಅಳಿಯನ ಫೋಟೋ ಸ್ಟುಡಿಯೋದಲ್ಲಿ. ಲಿಂಗಸುಗೂರಿನದು ನನ್ನ ಬಾಲ್ಯದ ಗೆಳೆಯ ಸಿದ್ರಾಮನ ಕಿರಾಣಿ ಅಂಗಡಿಯಲ್ಲಿ, ಬೆಲ್ಲದ ಡಬ್ಬಿಯ ಹಿಂದೆ. ಆಯಾ ಊರಿನವರ ಮಾತು ಆಯಾ ಊರಿನ ಪೆಟ್ಟಿಗೆಯಲ್ಲೇ ಇರುತ್ತದೆ. ಬೇರೆ ಊರಿನವರಿಗೆ ಬರೆದರೆ ನಮ್ಮ ಪೆಟ್ಟಿಗೆ ಹೋಗಿ ಅವರ ಪೆಟ್ಟಿಗೆಯ ಬಾಗಿಲು ತಟ್ಟಿ ಕೊಟ್ಟು ಬರುತ್ತದೆ. ನಾನು ಕೇಳಿದೆ, "ಎಲ್ಲಾ ಸರಿ ಯವ್ವಾ, ಈ ಮೂರಕ್ಕೂ ಧಣಿ ಯಾರು?"

"ಧಣಿ ಯಾರೂ ಇಲ್ರಿ ಮಾವಾರ."

"ಧಣಿ ಇಲ್ಲದ ಗಿರಣಿ ಎಲ್ಲಿಯರ ಇರ್ತೈತೇನು?"

"ಬೀಗತನಕ್ಕ ಧಣಿ ಯಾರದಾರ್ರಿ? ನಿಮ್ಮ ಮನಿಗೆ ನೀವು, ಅವ್ರ ಮನಿಗೆ ಅವ್ರು. ಕೊಡೋದು ತಗೊಳ್ಳೋದು ಐತಿ, ಹೋಗೋದು ಬರೋದು ಐತಿ. ಒಬ್ರ ಮ್ಯಾಲೊಬ್ರು ಹುಕುಂ ನಡ್ಸಂಗಿಲ್ಲ. ಇದೂ ಹಂಗ."

ಅಂದು ಸಂಜೆಯೆಲ್ಲ ನಾನು ಆ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದೆ. ಬೆಲ್ಟಿಲ್ಲ, ಗಾಲಿಯಿಲ್ಲ, ಧೂಳಿಲ್ಲ. ಒಂದು ಪುಟ್ಟ ಹಸಿರು ದೀಪ ಮಿಣುಕುತ್ತಿತ್ತು. ಅದು ಮಿಣುಕಿದಾಗಲೆಲ್ಲ ನಮ್ಮ ಓಣಿಯ ಯಾರದೋ ಮಾತು ಮಸ್ಕಿಯ ಸ್ಟುಡಿಯೋದ ಬಾಗಿಲು ತಟ್ಟುತ್ತಿದೆ, ಲಿಂಗಸುಗೂರಿನ ಬೆಲ್ಲದ ಡಬ್ಬಿಯ ಹಿಂದೆ ಯಾರದೋ ಕೆಮ್ಮಿನ ಸುದ್ದಿ ಬಂದು ಕೂರುತ್ತಿದೆ ಎಂದು ನೆನೆದು ಮೈ ಜುಮ್ಮೆಂದಿತು. ಬಾಯಿ ತೆರೆಯಲು ಅದು ಸರಿಯಾದ ಹೊತ್ತಾಗಿತ್ತು. ಆಗ ತೆರೆಯಲಿಲ್ಲ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಮರ್ಯಾದೆ. ಪ್ರತಿಯೊಬ್ಬರ ಹೆಸರಿನ ಜೊತೆಗೆ ಊರೂ ಇರುತ್ತದೆ. ನಮ್ಮ ಕಡೆ ಅದೇ ರೂಢಿಯಲ್ಲವೇ? ಲಿಂಗಸುಗೂರು ಸಿದ್ರಾಮ, ಗೊರೇಬಾಳ ಯಂಕಪ್ಪ, ಮುದಗಲ್ ಹುಸೇನಪ್ಪ ಎಂದೇ ಹೇಳುವುದು. ಅದರಲ್ಲೂ ಬೀಗರ ಹೆಸರನ್ನು ಬರೀ ಹೆಸರಾಗಿ ಹೇಳಿದರೆ ನನ್ನ ಅವ್ವ ಇದ್ದಾಗ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಊರು ಹೇಳಬೇಕು, ಪೂರ್ತಿ ಹೆಸರು ಹೇಳಬೇಕು, ಕೊನೆಗೆ 'ಅವರು' ಸೇರಿಸಬೇಕು. ಬೈಯುವುದಿದ್ದರಂತೂ ಇನ್ನೂ ಹೆಚ್ಚು ಮರ್ಯಾದೆಯಿಂದ ಹೇಳಬೇಕು. ಫೋನಿನಲ್ಲಿ ಬಾಲ ಸುತ್ತಿಕೊಂಡ ಎ ಅಕ್ಷರವೊಂದಿದೆ. ಅದನ್ನು ಒತ್ತಿ ಹೆಸರಿನ ಮೊದಲೆರಡು ಅಕ್ಷರ ಬರೆದರೆ ಸಾಕು, ಪೂರ್ತಿ ಹೆಸರು ಊರು ಸಮೇತ ತಾನೇ ಎದ್ದು ಬರುತ್ತದೆ. ನನ್ನ ಅವ್ವನೇ ಫೋನಿನೊಳಗೆ ಕೂತು ತಿದ್ದುತ್ತಿದ್ದಾಳೆ ಎನಿಸಿತು. ಅಂದಿನಿಂದ ಯಾರ ಬಗ್ಗೆ ಬರೆದರೂ ಬಾಲದ ಎ ಹಾಕಿಯೇ ಬರೆಯುತ್ತಿದ್ದೆ.

ಇನ್ನು ಬೀಗರ ವಿಷಯ. ನನ್ನ ಮಗಳು ಶೈಲಾಳ ಮಾವ ಮಸ್ಕಿ ಬಸಲಿಂಗಪ್ಪನವರು ನಮ್ಮ ಬಳಗದ ಮುಖ್ಯ ಹಾಡುಗಾರರು. ಶೈಲಾ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ದಿನ ಗೊತ್ತಾಗಿತ್ತು. ಬೀಗರ ಮನೆತನದಲ್ಲಿ ಒಂದು ಪದ್ಧತಿ: ತೊಟ್ಟಿಲಿನ ಮೊದಲ ಪದವನ್ನು ಕೂಸಿನ ಅಪ್ಪನ ಅಪ್ಪನೇ ಹೇಳಬೇಕು. ಆ ಪದ ಮುಗಿಯುವ ತನಕ ಕೂಸನ್ನು ತೊಟ್ಟಿಲಿಗೆ ಇಳಿಸುವುದಿಲ್ಲ. ಪದವೂ ಸಾಮಾನ್ಯದ್ದಲ್ಲ. ಕೊನೆಯ ಸಾಲು ಎತ್ತರಕ್ಕೆ ಹೋಗಿ ಅಲ್ಲೇ ನಿಲ್ಲಬೇಕು. ಆದರೆ ಇತ್ತೀಚೆಗೆ ಬೀಗರ ಕಂಠ ಕೈಕೊಡುತ್ತಿತ್ತು. ಹಿಂದಿನ ಭಜನೆಯಲ್ಲಿ ಅವರು ಎತ್ತರಕ್ಕೆ ಹೋದಾಗ ನನ್ನ ಗಿರಣಿಯ ಹಳೆಯ ಜೊತೆಗಾರನೊಬ್ಬ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ನೋಡಿದ್ದೆ. ಈಗ ಕಾರ್ಯ ನಮ್ಮ ಮನೆಯಲ್ಲಿ, ನಮ್ಮ ಓಣಿಯವರ ಮುಂದೆ, ಅದೇ ಗಿರಣಿಯ ಜೊತೆಗಾರರ ಮುಂದೆ. ನನಗೆ ನಾಚಿಕೆ. ಬೀಗರ ಪರವಾಗಿ ನಾಚಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಬೆಳಗಿನ ಚಹಾ ಕುಡಿಯುತ್ತ ಸಿದ್ರಾಮನಿಗೆ ಗುಟ್ಟಾಗಿ ಬರೆದೆ. ಗುಟ್ಟಾಗಿ ಬರೆಯಲು ಒಂದು ಬೀಗದ ಚಿತ್ರ ಒತ್ತಬೇಕು, ಒತ್ತಿದೆ. "ಮಸ್ಕಿ ಬಸಲಿಂಗಪ್ಪನವರ ಕಂಠ ಮೊದಲಿನಂತಿಲ್ಲ. ಎತ್ತರಕ್ಕೆ ಹೋದರೆ ಗಿರಣಿಯಲ್ಲಿ ಬೆಲ್ಟು ಜಾರಿದ ಸದ್ದು ಬರುತ್ತದೆ. ಕೂಸು ಬೆಚ್ಚಿಬಿದ್ದೀತು. ತೊಟ್ಟಿಲ ದಿನ ಅವರು ಬಾಯಿ ತೆರೆಯುವ ಮೊದಲೇ ನೀನು ಪದ ಎತ್ತಿಕೊಂಡುಬಿಡು. ಅವರಿಗೆ ಗೊತ್ತಾಗುವುದು ಬೇಡ." ಬೀಗರ ಹೆಸರು ಬಂದಲ್ಲಿ ಅಭ್ಯಾಸದಂತೆ ಬಾಲದ ಎ ಹಾಕಿ, ಊರು ಸಮೇತ, ಪೂರ್ತಿ ಮರ್ಯಾದೆಯಿಂದ ಬರೆದು ಕಳಿಸಿ, ಉಳಿದ ಚಹಾ ಕುಡಿದೆ.

ಚಹಾ ಮುಗಿಯುವುದರೊಳಗೆ ಸಿದ್ರಾಮನ ಫೋನು ಬಂತು. "ಲೇ ಪಂಪಾಪತಿ, ಏನ್ ಮಾಡಿದೆಲೇ?"

"ಯಾಕಲೇ, ಏನಾತು?"

"ನಿನಗ ಉತ್ತರ ಬರಿಯಾಕ ಹೋದ್ನಿ, ಮ್ಯಾಲೆ ಎರಡು ಹೆಸರು ಎದ್ದು ಬಂದ್ವು. ಒಂದು ನಿಂದು, ಇನ್ನೊಂದು ನಿಮ್ಮ ಬೀಗರದು. ಗುಟ್ಟಿನ ಪತ್ರದಾಗ ಯಾರ ಹೆಸರು ಊರು ಸಮೇತ ಹಾಕ್ತಿಯೋ ಅವ್ರಿಗೂ ಅದು ಹೋಗ್ತೈತಿ. ಅವ್ರನ್ನ ಕರದು ನಡುವ ಕುಂದ್ರಿಸಿಕೊಂಡು ಅವ್ರ ಬಗ್ಗೆನೇ ಮಾತಾಡಿಯಲ್ಲಲೇ!"

ನನ್ನ ಕೈಯಲ್ಲಿದ್ದ ಚಹಾದ ಬಸಿ ನೆಲಕ್ಕೆ ಬಿದ್ದ ಸದ್ದು ಲಿಂಗಸುಗೂರಿಗೂ ಕೇಳಿಸಿತಂತೆ. ಬೀಗರು ಸಿಟ್ಟಾಗಿ ಬಾರದೆ ಹೋದರೆ ಪದವಿಲ್ಲ, ಪದವಿಲ್ಲದಿದ್ದರೆ ತೊಟ್ಟಿಲಿಲ್ಲ. ಒಳಗಿನ ಕೋಣೆಯಲ್ಲಿ ಶೈಲಾ ಕೂಸಿಗೆ ಹಾಲೂಡಿಸುತ್ತ ಏನೋ ಗುನುಗುತ್ತಿದ್ದಳು. ಆ ಕೂಸನ್ನೆತ್ತಿಕೊಂಡು ಅವಳು ನಾಳೆ ಹೋಗಬೇಕಾದದ್ದು ಅದೇ ಬಸಲಿಂಗಪ್ಪನವರ ಮನೆಗೆ.

ಕಾಲೇಜಿಗೆ ಹೊರಟಿದ್ದ ಸುನಂದಾಳನ್ನು ಬಾಗಿಲಲ್ಲೇ ತಡೆದು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ನನ್ನ ಫೋನು ತೆಗೆದುಕೊಂಡು ನೋಡಿ, "ಅಳಿಸಿಬಿಡ್ರಿ" ಎಂದಳು. ಅಳಿಸಿದೆ. "ಹೋತಿಲ್ಲೋ?" ಎಂದೆ ಆಸೆಯಿಂದ.

"ನಮ್ಮ ಮನ್ಯಾಗಿಂದ ಹೋತು. ಬ್ಯಾರೆ ಮನಿಗೆ 'ಇದನ್ನ ಅಳಿಸ್ರೆಪ್ಪಾ' ಅಂತ ಒಂದು ವಿನಂತಿ ಹೋಗ್ತೈತಿ. ಕೇಳೋದು ಬಿಡೋದು ಅವ್ರ ಮನಿಗೆ ಬಿಟ್ಟಿದ್ದು. ಹುಕುಂ ನಡಿಯಂಗಿಲ್ಲ ಅಂತ ಅವತ್ತೇ ಹೇಳಿದ್ನೆಲ್ರಿ." ಆಮೇಲೆ ಪೆಟ್ಟಿಗೆಯ ಮುಂದೆ ಹೋಗಿ ಏನೋ ನೋಡಿ, "ನಿಮ್ಮ ನಸೀಬು ಚಲೋ ಐತ್ರಿ ಮಾವಾರ. ಮಸ್ಕ್ಯಾಗ ಟಿಸಿ ಸುಟ್ಟೈತಂತ, ಕರೆಂಟಿಲ್ಲ. ಸ್ಟುಡಿಯೋದ ಮನಿ ಬಂದ್ ಆಗೈತಿ. ನಿಮ್ಮ ಪತ್ರ ಇನ್ನೂ ಬಾಗಲಾಗ ನಿಂತೈತಿ. ನಮ್ಮ ಪೆಟ್ಟಿಗೆ ಹೋಗಿ ಬಾಗಲಾ ಬಡಿತೈತಿ, ಯಾರೂ ತೆಗಿಯಂಗಿಲ್ಲ, ತಿರುಗಿ ಬರ್ತೈತಿ, ಮತ್ತ ಹೋಗ್ತೈತಿ. ಅದರ ಬೆನ್ನಿಗೇ ಅಳಿಸೋ ವಿನಂತಿನೂ ನಿಂತೈತಿ. ಯಾವುದು ಮೊದಲು ಒಳಗ ಹೋಗ್ತೈತೋ ಹೇಳಾಕಾಗಂಗಿಲ್ಲ."

ಎಂಥ ಸಹನೆ! ಬಾಗಿಲು ತೆರೆಯದ ಮನೆಗೆ ನಾನು ಎರಡನೆಯ ಸಲ ಹೋಗುವವನಲ್ಲ. ಇದು ಸಿಟ್ಟಿಲ್ಲದೆ, ಬೇಸರವಿಲ್ಲದೆ, ನನ್ನ ಮಾನ ಹರಾಜು ಹಾಕಲೆಂದೇ ಮತ್ತೆ ಮತ್ತೆ ಮಸ್ಕಿಗೆ ಹೋಗಿ ಬರುತ್ತಿತ್ತು. ಬೆರಗು ಮತ್ತು ಭಯ ಒಟ್ಟಿಗೆ ಆದದ್ದು ನನಗೆ ಅದೇ ಮೊದಲು. "ಅಲ್ಲೇ ನಿಂತೈತಲ್ಲ ತಾಯಿ, ಕೈ ಹಾಕಿ ಎಳಕೊಂಡುಬಿಡು" ಎಂದೆ.

ಸುನಂದಾ ಕೀಲಿಮಣೆಯ ಮೇಲಿಂದ ಕೈ ತೆಗೆದಳು. "ಎಳೀಬೇಕಂದ್ರ ನಿಂತಿದ್ದೆಲ್ಲಾ ತಗದು ನೋಡಬೇಕ್ರಿ. ಯಾರ್ಯಾರದೋ ಗುಟ್ಟು ಅದಾವ ಅದ್ರಾಗ. ನನ್ನ ಕೈಯಾಗ ಕೀಲಿ ಐತಿ, ಖರೆ. ಅದಕ್ಕೇ ತಗಿಯಂಗಿಲ್ಲ."

ನನಗೆ ಇನ್ನೊಂದು ಆಘಾತ. "ಕೀಲಿ ಐತಿ ಅಂದ್ರ... ನಾವು ಬರದದ್ದೆಲ್ಲಾ ನಿನಗ ಓದಾಕ ಬರ್ತೈತೇನು?"

"ಮನಸ್ಸು ಮಾಡಿದ್ರ ಬರ್ತೈತ್ರಿ. ಮಾಡಿಲ್ಲ."

ಆ ಪೆಟ್ಟಿಗೆ ಬಂದಂದಿನಿಂದ ನಾನು ಸಿದ್ರಾಮನಿಗೆ ಗುಟ್ಟಾಗಿ ಬರೆಯುತ್ತಿದ್ದದ್ದರಲ್ಲಿ ಹೆಚ್ಚಿನ ಪಾಲು ಸುನಂದಾಳ ಸಾರಿನ ಉಪ್ಪಿನ ಬಗ್ಗೆ. ಆದರೆ ಸ್ವಲ್ಪ ಯೋಚಿಸಿದಾಗ ಅವಳು ಓದಿಲ್ಲವೆಂಬುದಕ್ಕೆ ನನ್ನ ನಾಲಿಗೆಯಲ್ಲೇ ಸಾಕ್ಷಿಯಿತ್ತು: ಅಷ್ಟೆಲ್ಲ ಬರೆದರೂ ಸಾರಿನ ಉಪ್ಪು ಒಂದು ಚಿಟಿಕೆಯೂ ಕಡಿಮೆಯಾಗಿರಲಿಲ್ಲ. ಊರ ಮಂದಿಯ ಗುಟ್ಟೆಲ್ಲ ಅಡುಗೆಮನೆಯ ಪಕ್ಕದಲ್ಲೇ ಮಿಣುಕುತ್ತಿರುವಾಗ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಇವಳು ಶಾಂತವಾಗಿ ಉಪ್ಪು ಹಾಕುತ್ತಿದ್ದಳು. ಪೆಟ್ಟಿಗೆಯನ್ನು ನೋಡಿ ಆದ ಬೆರಗು ಇವಳನ್ನು ನೋಡಿ ಆದ ಬೆರಗಿನ ಮುಂದೆ ಏನೂ ಅಲ್ಲ.

ಉಳಿದದ್ದು ಒಂದೇ ದಾರಿ. ಕರೆಂಟು ಬರುವ ಮೊದಲು ನಾನೇ ಮಸ್ಕಿ ಮುಟ್ಟಿ, ಬೀಗರ ಎದುರು ಕೂತು, ಪತ್ರ ಹೇಳುವುದನ್ನು ನನ್ನ ಬಾಯಿಂದಲೇ ಹೇಳಬೇಕು. ಪತ್ರದ ಜೊತೆ ಓಟದ ಪಂದ್ಯ! ಲಿಂಗಸುಗೂರಿನ ಬಸ್ಸು ಹಿಡಿದೆ. ಗೊರೇಬಾಳದಲ್ಲಿ ಒಬ್ಬಳು ಮುದುಕಿ ಎರಡು ಮೂಟೆ, ಒಂದು ಕೋಳಿಯ ಜೊತೆ ಹತ್ತುವ ತನಕ ಬಸ್ಸು ನಿಂತಿತು. ನಾನು ದಾರಿಯುದ್ದಕ್ಕೂ ಕಂಬದ ತಂತಿಗಳನ್ನೇ ನೋಡುತ್ತಿದ್ದೆ, ಕರೆಂಟು ಬಂದರೆ ಕಣ್ಣಿಗೆ ಕಾಣುತ್ತದೆ ಎಂಬಂತೆ. ಮಸ್ಕಿಯ ಗುಡ್ಡ ದೂರದಲ್ಲಿ ಕಂಡಾಗ ಅಲ್ಲಿನ ಬಂಡೆ ನೆನಪಾಯಿತು. ಹಳೆಯ ಕಾಲದ ರಾಜನೊಬ್ಬ ಒಂದೇ ಮಾತನ್ನು ಊರೂರಿನ ಬಂಡೆಗಳ ಮೇಲೆ ಕೊರೆಸಿ ಕಳಿಸಿದನಂತೆ. ಬಹಳ ಕಡೆ ಬಿರುದು ಮಾತ್ರ, ಮಸ್ಕಿಯಲ್ಲಿ ಹೆಸರೂ ಇತ್ತು. ಅದರಿಂದಲೇ ಬರೆಸಿದವನು ಯಾರೆಂದು ಲೋಕಕ್ಕೆ ಗೊತ್ತಾಯಿತು ಎಂದು ಶಾಲೆಯಲ್ಲಿ ಮಾಸ್ತರರು ಹೇಳಿದ್ದರು. ಹೆಸರು ಹಾಕಿದರೆ ಏನಾಗುತ್ತದೆ ಎಂಬುದು ಆ ಊರಿಗೆ ಮೊದಲಿನಿಂದಲೂ ಗೊತ್ತಿದ್ದ ವಿದ್ಯೆ. ಆ ರಾಜನಿಗಾದರೂ ಅಳಿಸುವ ಆಸೆ ಇರಲಿಲ್ಲ, ಒಳ್ಳೆಯ ಮಾತು ಬರೆಸಿದ್ದ.

ಬೀಗರ ಮನೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ನನಗೆ ಅಷ್ಟು ಸಂತೋಷ ಕೊಟ್ಟ ಸೆಕೆಯನ್ನು ನಾನು ಕಂಡಿಲ್ಲ.

"ಏನ್ರಿ ಬೀಗರ, ಒಂದು ಫೋನಿಲ್ಲ, ಸುದ್ದಿಯಿಲ್ಲ! ಕೂಸು ಆರಾಮ ಐತಿಲ್ಲೋ?" ಎಂದು ಬಸಲಿಂಗಪ್ಪನವರು ಎದ್ದು ಬಂದರು.

"ಆರಾಮ ಐತ್ರಿ."

"ನಿಮ್ಮ ಮಾರಿ ನೋಡಿದ್ರ ಹಂಗ ಕಾಣವಲ್ದು. ಕುಂದರ್ರಿ, ಒಗ್ಗರಣಿ ಮಿರ್ಚಿ ತರಸ್ತೀನಿ."

ಒಗ್ಗರಣೆ ಹಾಕಿದ ಮಂಡಕ್ಕಿ, ಬಿಸಿ ಮಿರ್ಚಿ ಬಂತು. ಒಂದು ಮಿರ್ಚಿ ಮುಗಿಸಿ ಹೇಳೋಣವೆಂದುಕೊಂಡೆ, ಎರಡು ಮುಗಿಸಿದೆ. ಅಷ್ಟರಲ್ಲಿ ಅವರೇ ಹತ್ತಿರ ಸರಿದು ದನಿ ತಗ್ಗಿಸಿದರು. "ಬೀಗರ, ನಿಮ್ಮ ಮುಂದ ಹೇಳಾಕ ಏನು ನಾಚಿಕಿ. ಕಂಠ ಜರಾ ತ್ರಾಸು ಕೊಡಾಕತ್ತೈತ್ರಿ. ದಿನಾ ಮುಂಜಾನೆ ಬಿಸಿನೀರು, ಜೇಷ್ಠಮಧು. ಮನ್ಯಾಗ ಯಾರೂ ಇಲ್ಲದಾಗ ತೊಟ್ಟಿಲ ಪದ ಹಾಡಿ ನೋಡ್ತೀನಿ. ಕೇಳ್ರಿ." ಕಣ್ಣು ಮುಚ್ಚಿ ಹಾಡಿದರು. ಕೊನೆಯ ಸಾಲಿಗೆ ಏರಿದಾಗ ಬೆಲ್ಟು ಜಾರಿತು. ಅವರು ನಿಲ್ಲಿಸಿ ಜಂತಿ ನೋಡುತ್ತ, "ತೊಟ್ಟಿಲಾಗೋದ್ರೊಳಗ ಕೂಡಿ ಬರ್ತೈತಿ ತಗೋರಿ" ಎಂದರು. ಕೈಗೆತ್ತಿಕೊಂಡಿದ್ದ ಮೂರನೆಯ ಮಿರ್ಚಿಯನ್ನು ಮರಳಿ ತಟ್ಟೆಗೆ ಇಟ್ಟೆ. ಗಿರಣಿಯವರ ನಗೆಯೊಂದೇ ನನ್ನ ಕಣ್ಣ ಮುಂದಿತ್ತು, ಈ ಮನುಷ್ಯ ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಕೂತು ಆ ಸಾಲನ್ನು ಹತ್ತುತ್ತ ಜಾರುತ್ತ ಇದ್ದದ್ದು ಕಾಣಲಿಲ್ಲ.

"ಬೀಗರ, ನಾ ನಿಮಗೊಂದು ಮಾತು..." ಎಂದು ಶುರುಮಾಡಿದೆ. ಫ್ಯಾನು ತಿರುಗಿತು. ಪಕ್ಕದ ಮನೆಯ ಟೀವಿ ಕೂಗಿತು. ಬೀಗರು, "ಬಂತು ನೋಡ್ರಿ ಕರೆಂಟು, ನಿಮ್ಮ ಕಾಲ್ಗುಣ" ಎಂದು ನಕ್ಕರು. ಅದಾಗಿ ಸ್ವಲ್ಪ ಹೊತ್ತಿಗೆ ಗೂಡಿನಲ್ಲಿದ್ದ ಅವರ ಫೋನು ಠಣ್ ಎಂದಿತು. ಅವರು ಕೈ ಚಾಚಿ ತೆಗೆದು, ದೂರ ಹಿಡಿದು ನೋಡಿ, ನನ್ನ ಕೈಗೇ ಕೊಟ್ಟರು. "ಚಾಳೀಸು ಒಳಗ ಐತಿ. ಯಾರದು ನೋಡ್ರಿ, ಜರಾ ಓದ್ರಿ."

ನನ್ನ ಪತ್ರ ನನ್ನ ಕೈಯಲ್ಲೇ ಇತ್ತು. 'ಭಜನೆ ಮುಂದಕ್ಕೆ ಹೋಗಿದೆಯಂತೆ' ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೀಲಿಮಣೆಯ ಮೇಲಿಂದ ಕೈ ತೆಗೆದ ಸುನಂದಾ ಕಣ್ಣಿಗೆ ಕಟ್ಟಿದಳು. "ನನ್ನದೇ ಐತ್ರಿ ಬೀಗರ" ಎಂದು, ಮೊದಲಿನಿಂದ ಕೊನೆಯವರೆಗೆ, ಬೆಲ್ಟು ಸಮೇತ, ಒಂದಕ್ಷರ ಬಿಡದೆ ಓದಿದೆ. ಶಾಲೆಯಲ್ಲೂ ನಾನು ಪಾಠವನ್ನು ಅಷ್ಟು ಸ್ಪಷ್ಟವಾಗಿ ಓದಿದ್ದಿಲ್ಲ.

ಆಮೇಲೆ ಬೀಗರು ಕೇಳಿದರು, "ಯಾರಿಗೆ ಬರದದ್ದು?"

"ಲಿಂಗಸುಗೂರು ಸಿದ್ರಾಮಗ್ರಿ."

"ಲಿಂಗಸುಗೂರಿಗೆ ಹೋಗೋ ಬಸ್ಸು ಮಸ್ಕಿ ಮ್ಯಾಲೇ ಹೋಗಬೇಕಲ್ರಿ ಬೀಗರ. ನಡುವ ಇಳದು ನನಗೇ ಹೇಳಿ ಹೋಗಿದ್ರ ಆಗ್ತಿದ್ದಿಲ್ಲೇನು?"

ಅವರು ಒಳಗೆ ಹೋಗಿ ಚಾಳೀಸು ಹಾಕಿಕೊಂಡು ಬಂದು, ತಮ್ಮ ಕಣ್ಣಿನಿಂದಲೇ ನೋಡಬೇಕೆಂದು ಫೋನು ಇಸಿದುಕೊಂಡರು. ಮೇಲೆ ಕೆಳಗೆ ಸವರಿದರು. "ಎಲ್ಲೈತ್ರಿ?" ಎಂದರು. ನಾನೂ ಬಗ್ಗಿ ನೋಡಿದೆ. ಪತ್ರ ಇರಲಿಲ್ಲ! ಬೆನ್ನಿಗೇ ನಿಂತಿದ್ದ ವಿನಂತಿ ಬಂದಿತ್ತು. ಮಸ್ಕಿಯ ಮನೆ, ಯಾರ ಹುಕುಮೂ ಇಲ್ಲದೆ, ದೊಡ್ಡ ಮನಸ್ಸು ಮಾಡಿ ಅದನ್ನು ನಡೆಸಿಕೊಟ್ಟಿತ್ತು. ನನ್ನ ಕಣ್ಣೆದುರೇ ನನ್ನ ತಪ್ಪು ಗುರುತಿಲ್ಲದಂತೆ ಮಾಯವಾಗಿತ್ತು. ಬೀಗರಿಗೆ ಎಲ್ಲ ವಿವರಿಸಿದೆ.

"ಅಂದ್ರ ನೀವು ಓದಾರ್ದ ಜರಾ ಹೊತ್ತು ಕೆಮ್ಮಿಕೋತ ಕುಂತಿದ್ರ, ನನಗ ಗೊತ್ತೇ ಆಗ್ತಿದ್ದಿಲ್ಲ?"

"ಇಲ್ರಿ."

"ಮತ್ತ ಅಂಥಾ ಗಡಿಬಿಡಿ ಏನಿತ್ರಿ ನಿಮಗ!" ಎಂದು ಬೀಗರು ನಗತೊಡಗಿದರು. ನಗು ಏರಿ ಕೆಮ್ಮಾಗಿ, ನಾನು ನೀರು ಕೊಡಬೇಕಾಯಿತು. ನೀರು ಕುಡಿದು, ಕಣ್ಣು ಒರೆಸಿಕೊಂಡು, ಗಂಭೀರವಾಗಿ ಕೇಳಿದರು, "ಗಿರಣ್ಯಾಗ ಬೆಲ್ಟು ಜಾರಿದ್ರ ಏನ್ ಮಾಡ್ತಿದ್ರಿ?"

"ಮೇಣ ಹಚ್ತಿದ್ವಿ. ಆಗಲಿಲ್ಲಂದ್ರ ಇನ್ನೊಬ್ಬ ಕೈ ಕೊಟ್ಟು ಗಾಲಿ ತಿರುವತಿದ್ದ."

"ಹಂಗಾದ್ರ ತೊಟ್ಟಿಲ ದಿನ ಕೈ ಕೊಡೋದು ನಿಮ್ಮ ಪಾಳಿ."

ಮಾತು ತಮಾಷೆಯೆಂದುಕೊಂಡೆ. ಅಲ್ಲವಾಗಿತ್ತು. ತೊಟ್ಟಿಲ ದಿನ ಓಣಿಯವರು, ಗಿರಣಿಯವರು, ಲಿಂಗಸುಗೂರಿನಿಂದ ಬಂದ ಸಿದ್ರಾಮ ಎಲ್ಲರೂ ತುಂಬಿದ್ದ ನಮ್ಮ ಪಡಸಾಲೆಯಲ್ಲಿ ಬೀಗರು ಕೂಸನ್ನು ಕೈಯಲ್ಲಿ ಹಿಡಿದು ಪದ ಶುರುಮಾಡಿದರು. ಸೊಗಸಾಗಿಯೇ ಹಾಡಿದರು. ಕೊನೆಯ ಸಾಲಿನ ಹೊಸ್ತಿಲಿಗೆ ಬಂದು ನಿಂತು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಜೀವಮಾನದಲ್ಲಿ ತಾಳ ಬಿಟ್ಟು ಬೇರೇನೂ ಮುಟ್ಟದ ನಾನು ಎದ್ದು ನಿಂತು ಆ ಸಾಲು ಎತ್ತಿದೆ. ಅಲ್ಲಿಯವರೆಗೆ ನಿದ್ದೆಯಲ್ಲಿದ್ದ ಕೂಸು ಕಿಟಾರನೆ ಕಿರುಚಿತು. "ಬೀಗರ, ಇದು ಬೆಲ್ಟ್ ಅಲ್ರಿ, ಗಿರಣಿನೇ ಜಾರೈತಿ!" ಎಂದರು ಬಸಲಿಂಗಪ್ಪನವರು. ಗಿರಣಿಯ ಜೊತೆಗಾರ ಈ ಸಲ ಟವೆಲ್ಲು ಹುಡುಕಲಿಲ್ಲ, ಮುಖ ಬಿಚ್ಚಿಯೇ ನಕ್ಕ. ಆ ಗದ್ದಲದಲ್ಲಿ ಶೈಲಾ ನಗುತ್ತಲೇ ಕೂಸನ್ನು ತೊಟ್ಟಿಲಿಗೆ ಇಳಿಸಿದಳು. ಕಪಾಟಿನ ಮೇಲೆ ಹಸಿರು ದೀಪ ಒಂದೇ ಸಮ ಮಿಣುಕುತ್ತಿತ್ತು. ಸಿದ್ರಾಮ ಆಗಲೇ ನನ್ನ ಹಾಡನ್ನು ಫೋನಿನಲ್ಲಿ ಹಿಡಿದು ಮೂರೂ ಊರಿಗೆ ಕಳಿಸಿಬಿಟ್ಟಿದ್ದ. ಅದನ್ನು ಅಳಿಸುವ ವಿನಂತಿಯನ್ನು ನಾನು ಮಾಡಿಲ್ಲ. ಮಾಡುವ ಮುಖವೂ ಇರಲಿಲ್ಲ.

ಇದನ್ನೆಲ್ಲ ಬರೆಯಲು ಬೀಗರ ಅಪ್ಪಣೆ ಕೇಳಿದ್ದೆ. "ಬರೀರಿ, ಅದಕ್ಕೇನಂತ. ಹೆಸರಿನ ಜೋಡಿ ಊರು ಹಾಕಬ್ಯಾಡ್ರಿ ಅಷ್ಟೇ" ಎಂದರು. ಆಗಲೆಂದು ಮಾತು ಕೊಟ್ಟೆ. ಈಗ ಬರೆದದ್ದನ್ನು ಮೊದಲಿನಿಂದ ಓದಿ ನೋಡಿದರೆ ತಲೆಬರಹದಿಂದಲೇ ಮಸ್ಕಿ ಶುರುವಾಗಿದೆ. ಏನು ಮಾಡಲಿ, ಬರೀ ಹೆಸರು ಬರೆಯಲು ಹೊರಟಾಗಲೆಲ್ಲ ಬೆನ್ನ ಮೇಲೆ ಅವ್ವನ ಗುದ್ದು ಬಿದ್ದಂತಾಗುತ್ತದೆ. ಆದ್ದರಿಂದ ಇಲ್ಲಿ ಬಂದಿರುವ ಊರಿನ ಹೆಸರನ್ನು ಓದಿದವರು ದಯವಿಟ್ಟು ಮನಸ್ಸಿನಿಂದ ಅಳಿಸಿಬಿಡಬೇಕು. ಇದು ವಿನಂತಿ ಮಾತ್ರ. ಕೇಳುವುದು ಬಿಡುವುದು ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು.